ಅಡಿಕೆ ಪಾಕದ ಕವಿತೆಗಳು

ಹೋದ ವರ್ಷ ಒಂದು ಕಾಲೇಜಿನ ಕವನ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. 42 ಕವಿತೆ, ಒಂದೂವರೆ ಗಂಟೆ, ಒಂದು ಪ್ಲೇಟ್ ಉಪ್ಪಿಟ್ಟು. ಅಂಕಪಟ್ಟಿಯಲ್ಲಿ ನಾಲ್ಕು ಕಾಲಂ ಇದ್ದವು: ವಸ್ತು, ಭಾಷೆ, ಲಯ, ಒಟ್ಟು ಪರಿಣಾಮ. ಅಮ್ಮನ ಮೇಲೆ ಬರೆದ ಒಂದು ಕವಿತೆಗೆ 40ಕ್ಕೆ 36 ಕೊಟ್ಟೆ. ಪ್ರಾಸ ಸರಾಗ, ಎಲ್ಲೂ ತಡವರಿಕೆ ಇಲ್ಲ, ಕೊನೆಗೆ ಗಂಟಲು ಕಟ್ಟುವ ಹಾಗಿತ್ತು. ಮೊದಲ ಬಹುಮಾನ ಅದಕ್ಕೇ ಬಂತು. ರಾತ್ರಿ ಬಸ್ಸಿನಲ್ಲಿ ಕೂತು ಅದರ ಒಂದು ಸಾಲನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಒಂದೂ ಬರಲಿಲ್ಲ. ನಾನು 22 ಕೊಟ್ಟು ಪಕ್ಕಕ್ಕಿಟ್ಟಿದ್ದ ಇನ್ನೊಂದು ಕವಿತೆಯ ಸಾಲು ಬಂದು ಕೂತಿತು: "ಅಜ್ಜಿಯ ಹೆಬ್ಬೆಟ್ಟು ಸವೆದಿದೆ, ರೇಷನ್ ಅಂಗಡಿಯ ಮಿಷನ್ನಿಗೆ ಅವಳು ಗೊತ್ತಿಲ್ಲ." ಲಯದ ಕಾಲಂನಲ್ಲಿ ಅದಕ್ಕೆ 3 ಹಾಕಿದ್ದೆ.

ಬಹುಮಾನ ಬಾರದ ಹುಡುಗನೊಬ್ಬ ಗೇಟಿನ ತನಕ ಬಂದು ಕೇಳಿದ್ದ. "ಸರ್, ಕವಿತೆ ಅಂದ್ರೆ ಅವರವರ ಫೀಲಿಂಗ್ ಅಲ್ವಾ? ಅದಕ್ಕೆ ನೀವು ಹೇಗೆ ಮಾರ್ಕ್ಸ್ ಹಾಕ್ತೀರಿ?" ಎಲ್ಲರೂ ಹೇಳುವುದನ್ನೇ ನಾನೂ ಹೇಳಿ ಬಸ್ ಹತ್ತಿದೆ. ಚೆನ್ನಾಗಿ ಓದು, ಬರೀತಾ ಇರು, ಅಂತ. ಪ್ರಶ್ನೆಗೆ ಅದು ಉತ್ತರ ಅಲ್ಲ.

ಅವನ ಮಾತಿನಲ್ಲಿ ಅರ್ಧ ನಿಜ ಇದೆ. ಲೋಕೋ ಭಿನ್ನರುಚಿಃ ಅಂತ ನಮ್ಮಲ್ಲಿ ಓದು ಬರದವರೂ ಹೇಳುತ್ತಾರೆ. ಆದರೆ "ನನಗೆ ಹಾಗಲಕಾಯಿ ಸೇರಲ್ಲ" ಅನ್ನುವುದು ಒಂದು ಮಾತು, "ಈ ಹಾಗಲಕಾಯಿ ಗೊಜ್ಜಿಗೆ ಹುಳಿ ಕಡಿಮೆಯಾಗಿದೆ" ಅನ್ನುವುದು ಬೇರೆ ಮಾತು. ಮೊದಲನೆಯದಕ್ಕೆ ಯಾರೂ ಎದುರು ಹೇಳಲು ಬರುವುದಿಲ್ಲ. ಎರಡನೆಯದನ್ನು ಪಕ್ಕದವರು ಬೆರಳಿಗೆ ಹಚ್ಚಿಕೊಂಡು ನೋಡಿ ಹೌದು ಅಥವಾ ಇಲ್ಲ ಅನ್ನಬಹುದು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ಕೆಲವು ಸಿನಿಮಾ ಹಾಡುಗಳು ನನಗೆ ಈಗಲೂ ಪ್ರಾಣ. ಅವು ಕಳಪೆ ಹಾಡುಗಳು ಅಂತಲೂ ಗೊತ್ತು. ಎರಡೂ ಒಟ್ಟಿಗೇ ಇರುತ್ತವೆ, ಜಗಳ ಆಡುವುದಿಲ್ಲ.

ಈ ಹಳೇ ಪ್ರಶ್ನೆ ಈಗ ಮತ್ತೆ ಬಿಸಿಯಾಗಿರುವುದು ಯಂತ್ರಗಳ ದೆಸೆಯಿಂದ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2024ರ ನವೆಂಬರ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಷೇಕ್ಸ್‌ಪಿಯರ್, ಎಮಿಲಿ ಡಿಕಿನ್ಸನ್, ಟಿ. ಎಸ್. ಎಲಿಯಟ್ ಸೇರಿ ಹತ್ತು ಇಂಗ್ಲಿಷ್ ಕವಿಗಳ ಕವಿತೆಗಳ ಜೊತೆಗೆ, ಅದೇ ಕವಿಗಳ ಶೈಲಿಯಲ್ಲಿ ಚಾಟ್‌ಜಿಪಿಟಿ 3.5 ಬರೆದ ಕವಿತೆಗಳನ್ನು ಕಲಸಿ ಇಟ್ಟರು. 1,634 ಜನ ಓದಿ, ಯಾವುದು ಮನುಷ್ಯರದ್ದು, ಯಾವುದು ಯಂತ್ರದ್ದು ಅಂತ ಊಹಿಸಿದರು. ಸರಿಯಾದದ್ದು ನೂರಕ್ಕೆ 46.6. ನಾಣ್ಯ ಚಿಮ್ಮಿ ಹೇಳಿದ್ದರೆ ಇದಕ್ಕಿಂತ ಚೆನ್ನಾಗಿರುತ್ತಿತ್ತು. ಇನ್ನೊಂದು ಸುತ್ತಿನಲ್ಲಿ 696 ಜನರಿಗೆ ಅಂದ, ಲಯ, ಭಾವ ಅಂತ 14 ಗುಣಗಳಿಗೆ ಅಂಕ ಹಾಕಲು ಹೇಳಿದರು. ಒಟ್ಟಾರೆ ಯಂತ್ರದ ಕವಿತೆಗಳಿಗೇ ಜಾಸ್ತಿ ಅಂಕ ಬಂತು. ಆದರೆ "ಇದು ಯಂತ್ರ ಬರೆದದ್ದು" ಅಂತ ಮೊದಲೇ ಹೇಳಿದರೆ ಮಾತ್ರ ಅಂಕ ಇಳಿಯಿತು.

ಈ ಸುದ್ದಿ ಬಂದಾಗ ನಮ್ಮ ಕಡೆಯೂ ಎರಡು ಗುಂಪಾಯಿತು. ಕಾವ್ಯ ಸತ್ತಿತು ಅಂದವರು ಒಂದು ಕಡೆ, ಒಳ್ಳೆಯದು ಕೆಟ್ಟದ್ದು ಅನ್ನುವುದೆಲ್ಲ ಮೊದಲಿಂದಲೂ ಬೊಗಳೆ ಅಂದವರು ಇನ್ನೊಂದು ಕಡೆ. ಆ ಅಧ್ಯಯನದಲ್ಲೇ ಇರುವ ಎರಡು ವಿವರ ಇಬ್ಬರ ಕಣ್ಣಿಗೂ ಬೀಳಲಿಲ್ಲ. ಒಂದು, ಓದಿದವರಲ್ಲಿ ಹೆಚ್ಚಿನವರು ಕವಿತೆ ಓದುವುದು ವರ್ಷಕ್ಕೆ ಕೆಲವೇ ಸಲ, ಇಲ್ಲವೇ ಅದಕ್ಕಿಂತ ಕಡಿಮೆ. ಎರಡು, ಸಂಶೋಧಕರು ಕೊಡುವ ಕಾರಣ. ಯಂತ್ರದ ಕವಿತೆ ಸಲೀಸಾಗಿ ಅರ್ಥವಾಗುತ್ತಿತ್ತು. ನಿಜವಾದ ಕವಿಯ ಕವಿತೆ ತೊಡಕಾಗಿ ಕಂಡಾಗ, "ಇದು ತಲೆಬುಡ ಇಲ್ಲದ್ದು, ಯಂತ್ರದ್ದೇ ಇರಬೇಕು" ಅಂದುಕೊಂಡರು. ಅಂದರೆ ಅಳತೆಗೆ ಸಿಕ್ಕಿದ್ದು ಮೊದಲ ಗುಟುಕಿನ ರುಚಿ. ಉಪ್ಪಿಟ್ಟು ತಿನ್ನುತ್ತಾ ನಾನು ಅಳೆದದ್ದೂ ಅದನ್ನೇ.

ಮೊದಲ ಗುಟುಕನ್ನು ಯಾಕೆ ನಂಬಬಾರದು ಅನ್ನುವುದಕ್ಕೆ ಸುಮಾರು 1,100 ವರ್ಷ ಹಿಂದಿನ ಒಂದು ಪಟ್ಟಿ ಇದೆ. ಸಂಸ್ಕೃತದಲ್ಲಿ ಕಾವ್ಯಮೀಮಾಂಸೆ ಬರೆದ ರಾಜಶೇಖರನದ್ದು. ಅವನು ಕವಿತೆಯ ಹದವನ್ನು "ಪಾಕ" ಅನ್ನುತ್ತಾನೆ. ಮೈಸೂರು ಪಾಕ್ ಮಾಡುವವರು ಸಕ್ಕರೆ ಪಾಕವನ್ನು ಹೆಬ್ಬೆರಳು ತೋರುಬೆರಳ ನಡುವೆ ಎಳೆದು, ಒಂದೆಳೆ ಬಂತಾ, ಎರಡೆಳೆ ಬಂತಾ ನೋಡುತ್ತಾರಲ್ಲ, ಪದ ಅದೇ. ಒಂಬತ್ತು ಪಾಕಗಳು, ಎಲ್ಲಕ್ಕೂ ಗಿಡಮರದ ಹೆಸರು: ಬೇವು, ಬೋರೆ, ದ್ರಾಕ್ಷಿ, ಬದನೆ, ಹುಣಸೆ, ಮಾವು, ಅಡಿಕೆ, ಸೌತೆ, ತೆಂಗು. ಮೊದಲಲ್ಲಿ ರುಚಿ ಹೇಗೆ, ಕೊನೆಯಲ್ಲಿ ಹೇಗೆ ಅಂತ ನೋಡಿ ವಿಂಗಡಿಸಿದ್ದಾನೆ. ಬೇವಿಗೆ ಎರಡು ಕಡೆಯೂ ರುಚಿ ಇಲ್ಲ. ತೆಂಗಿಗೆ ಎರಡು ಕಡೆಯೂ ಇದೆ. ಮಜಾ ಇರುವುದು ನಡುವೆ. ಅಡಿಕೆ ಮೊದಲಿಗೆ ರುಚಿ, ಕೊನೆಗೆ ಇಲ್ಲ. ದ್ರಾಕ್ಷಿ ಮೊದಲಿಗೆ ಇಲ್ಲ, ಕೊನೆಗೆ ರುಚಿ. ಅವನ ತೀರ್ಪು: ಬೇವು, ಬದನೆ, ಅಡಿಕೆ ಬಿಸಾಕಬೇಕು. ಬೋರೆ, ಹುಣಸೆ, ಸೌತೆಯನ್ನು ತಿದ್ದಬಹುದು. ದ್ರಾಕ್ಷಿ, ಮಾವು, ತೆಂಗು ಇಟ್ಟುಕೊಳ್ಳಬೇಕು. ಎಷ್ಟು ಸಿಹಿಯಿಂದ ಶುರುವಾಯಿತು ಅನ್ನುವುದು ಲೆಕ್ಕಕ್ಕೇ ಇಲ್ಲ. ಬಾಯಲ್ಲಿ ಕೊನೆಗೆ ಏನು ಉಳಿಯಿತು ಅನ್ನುವುದೇ ಲೆಕ್ಕ. (ಮಲೆನಾಡಿನವರು ಬೇಜಾರು ಮಾಡಿಕೊಳ್ಳಬೇಡಿ. ಅವನು ಅಡಿಕೆಯ ರೇಟು ಹೇಳುತ್ತಿಲ್ಲ.)

ನಾನು 36 ಕೊಟ್ಟಿದ್ದು ಅಡಿಕೆ ಪಾಕಕ್ಕೆ. ಆ ಕವಿತೆಯನ್ನೂ ಯಂತ್ರವೇ ಬರೆದದ್ದು ಅಂತ ಆಮೇಲೆ ಯಾರೋ ಪಿಸುಗುಟ್ಟಿದರು. ಇರಬಹುದು, ಇಲ್ಲದಿರಬಹುದು. ಮನುಷ್ಯರು ಕೈಯಾರೆ ಬರೆದಿದ್ದರೂ ನನ್ನ 36 ತಪ್ಪೇ.

ಯಾಕೆ ತಪ್ಪು ಅಂತ ತೋರಿಸಬೇಕಲ್ಲ. ಆ ವಿದ್ಯಾರ್ಥಿಯ ಸಾಲುಗಳನ್ನು ಇಲ್ಲಿ ಎಳೆದು ತರುವುದು ಸರಿಯಲ್ಲ. ಅದೇ ಜಾತಿಯ ನಾಲ್ಕು ಸಾಲು ನಾನೇ ಕಟ್ಟುತ್ತೇನೆ, ಕಷ್ಟವೇನಿಲ್ಲ:

ಅಮ್ಮಾ ನಿನ್ನ ಮಡಿಲು ಪ್ರೀತಿಯ ಕಡಲು
ನೀನಿಲ್ಲದೆ ಬರಿದು ನನ್ನೀ ಒಡಲು
ನಿನ್ನ ನಗೆಯೇ ನನಗೆ ಬೆಳಕಿನ ಮುಗಿಲು
ನಿನ್ನ ಋಣಕೆ ಸಾಲದು ನುಡಿಗಳ ಸಾಲು

ಮೊದಲ ಓದಿಗೆ ಏನೂ ತೊಂದರೆ ಇಲ್ಲ. ಈಗ "ಅಮ್ಮಾ" ತೆಗೆದು "ಅಪ್ಪಾ" ಹಾಕಿ. ಆಗುತ್ತೆ. "ಗುರುವೇ" ಹಾಕಿ. ಮಡಿಲು ಒಂದು ಸ್ವಲ್ಪ ಇರಿಸುಮುರಿಸು, ಬಿಟ್ಟರೆ ಆಗುತ್ತೆ. "ಕನ್ನಡಾಂಬೆ" ಹಾಕಿದರೆ ರಾಜ್ಯೋತ್ಸವದ ವೇದಿಕೆಗೂ ಆಯಿತು. ಯಾರ ಮೇಲಾದರೂ ಹೊದಿಸಬಹುದಾದ ಶಾಲು ಇದು. ಇದರೊಳಗೆ ಯಾವ ಅಮ್ಮನೂ ಇಲ್ಲ. ಇನ್ನು "ಬೆಳಕಿನ ಮುಗಿಲು". ಮುಗಿಲು ಅಂದರೆ ಮೋಡ ಅಂತಿಟ್ಟುಕೊಳ್ಳಿ, ಮೋಡ ಬೆಳಕನ್ನು ಅಡ್ಡಗಟ್ಟುತ್ತದೆ. ಉತ್ತರ ಕರ್ನಾಟಕದವರ ಹಾಗೆ ಆಕಾಶ ಅಂತಿಟ್ಟುಕೊಂಡರೂ ನಗೆ ಆಕಾಶ ಆಗಿದ್ದು ಹೇಗೆ? ಮುಗಿಲು ಬಂದದ್ದು ಕಡಲು, ಒಡಲಿನ ಹಿಂದೆ ಪ್ರಾಸದ ಬಾಲ ಹಿಡಿದುಕೊಂಡು. ಇಷ್ಟನ್ನು ಹೇಳಿದ ಮೇಲೂ ಯಾರಾದರೂ "ನನಗೆ ಇಷ್ಟ" ಅನ್ನಬಹುದು, ಅನ್ನಲಿ. "ಒಳ್ಳೆಯ ಪದ್ಯ" ಅನ್ನಬೇಕಾದರೆ ಆ ಮುಗಿಲಿಗೆ ಒಂದು ಸಮಜಾಯಿಷಿ ಕೊಡಬೇಕಾಗುತ್ತದೆ.

ಇದೇ ಪರೀಕ್ಷೆಯನ್ನು ಅಕ್ಕಮಹಾದೇವಿಯ ಒಂದು ವಚನಕ್ಕೆ ಹಚ್ಚಿ ನೋಡೋಣ. ಎಲ್ಲರಿಗೂ ಬಾಯಿಗೆ ಬರುವಂಥದ್ದೇ. ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗಂಜಿದಡೆಂತಯ್ಯಾ? ಸಮುದ್ರದ ತಡಿಯಲೊಂದು ಮನೆಯ ಮಾಡಿ ನೊರೆತೆರೆಗಳಿಗಂಜಿದಡೆಂತಯ್ಯಾ? ಸಂತೆಯೊಳಗೊಂದು ಮನೆಯ ಮಾಡಿ ಶಬ್ದಕ್ಕೆ ನಾಚಿದಡೆಂತಯ್ಯಾ?

ಅಂಜಿದಡೆ, ಅಂಜಿದಡೆ, ನಾಚಿದಡೆ. ಮೂರನೆಯದೂ "ಅಂಜಿದಡೆ" ಅಂತಲೇ ಇಟ್ಟಿದ್ದರೆ ಲಯಕ್ಕೆ ಏನೂ ಧಕ್ಕೆ ಇರಲಿಲ್ಲ. ಓದುವಾಗ ಇನ್ನೂ ಸರಾಗವಾಗುತ್ತಿತ್ತು. ಆದರೆ ಮೃಗ ಮೈಮೇಲೆ ಬೀಳುತ್ತದೆ, ತೆರೆ ಎಳೆದುಕೊಂಡು ಹೋಗುತ್ತದೆ, ಅಲ್ಲಿ ಅಂಜಿಕೆ ಸರಿ. ಸಂತೆಯ ಸದ್ದು ಯಾರನ್ನೂ ಕೊಲ್ಲುವುದಿಲ್ಲ. ಅಲ್ಲಿರುವುದು ಜನ, ಜನರ ಬಾಯಿ. ಜನರ ಮುಂದೆ ಆಗುವುದು ನಾಚಿಕೆ. ಒಂದು ಕ್ರಿಯಾಪದ ಬದಲಾದದ್ದರಿಂದ ಕಾಡು, ಕಡಲು ದಾಟಿ ನಾವು ಮನುಷ್ಯರ ನಡುವೆ ಬಂದು ನಿಂತಿರುತ್ತೇವೆ. ಅದಕ್ಕೇ ಮುಂದೆ ಸ್ತುತಿ ನಿಂದೆಗಳ ಮಾತು ಬಂದಾಗ ಅದು ಉಪದೇಶ ಅನ್ನಿಸುವುದಿಲ್ಲ, ಬರಲೇಬೇಕಿತ್ತು ಅನ್ನಿಸುತ್ತದೆ. ಮನೆ ಬಿಟ್ಟು ಹೊರಟ ಹೆಂಗಸೊಬ್ಬಳು ಈ ಮಾತು ಹೇಳುತ್ತಿದ್ದಾಳೆ ಅನ್ನುವುದನ್ನು ನೆನೆದರೆ "ನಾಚಿದಡೆ" ಇನ್ನೂ ಮೊನಚಾಗುತ್ತದೆ. ನನ್ನ ಈ ವಿವರಣೆ ತಪ್ಪಿರಬಹುದು. ತಪ್ಪಿದ್ದರೆ ಇದೇ ವಚನ ಮುಂದಿಟ್ಟುಕೊಂಡು ನೀವು ತೋರಿಸಬಹುದು. ನನ್ನ ಬರೀ ಫೀಲಿಂಗ್ ಆಗಿದ್ದರೆ ಅದು ಆಗುತ್ತಿರಲಿಲ್ಲ.

ಪದ ಬದಲಿಸಿ ನೋಡುವ ಈ ಉಪಾಯವೂ ನನ್ನದಲ್ಲ. ರಾಜಶೇಖರನಿಗಿಂತ ಹಿಂದೆ ವಾಮನ ಅನ್ನುವ ಇನ್ನೊಬ್ಬ ಕಾವ್ಯಶಾಸ್ತ್ರಕಾರ ಹೇಳಿದ್ದ: ಯಾವ ಪದವನ್ನೂ ಕಿತ್ತು ಬೇರೆ ಪದ ಹಾಕಲು ಬಾರದ ಸ್ಥಿತಿಯೇ ಶಬ್ದಪಾಕ. ಓದಿದಾಗ ಭಲೇ ಅನ್ನಿಸುತ್ತದೆ. ಆದರೆ ರಾಜಶೇಖರ ಅಲ್ಲೇ ತನ್ನ ಹೆಂಡತಿ ಅವಂತಿಸುಂದರಿಯ ಆಕ್ಷೇಪಣೆಯನ್ನೂ ಬರೆದಿಟ್ಟಿದ್ದಾನೆ. ಪದ ಬದಲಿಸಲು ಬರದೇ ಇರುವುದು ಪಾಕ ಅಲ್ಲ, ಕವಿಯ ಕೈಲಾಗದತನ ಅನ್ನುತ್ತಾಳೆ ಅವಳು. ದೊಡ್ಡ ಕವಿಗಳು ಒಂದೇ ಸಂಗತಿಯನ್ನು ಹಲವು ಪಾಠಗಳಲ್ಲಿ ಹೇಳುತ್ತಾರೆ, ಎಲ್ಲವೂ ಪಕ್ವವಾಗಿಯೇ ಇರುತ್ತವೆ. ನೋಡಬೇಕಾದ್ದು ಮಾತು ರಸಕ್ಕೆ ಒಪ್ಪಿತೋ ಇಲ್ಲವೋ ಅನ್ನುವುದನ್ನು.

ಅವಳ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ನಮ್ಮ ಬೀಸುವ ಹಾಡುಗಳನ್ನೇ ನೋಡಿ. ಒಂದೇ ತ್ರಿಪದಿ ಧಾರವಾಡದ ಕಡೆ ಒಂದು ತರ, ಮಂಡ್ಯದ ಕಡೆ ಇನ್ನೊಂದು ತರ. ಪದ ಬದಲಾಗುತ್ತದೆ, ಸಾಲೇ ಬದಲಾಗುತ್ತದೆ, ಆದರೂ ಎರಡೂ ಕಡೆ ಹಾಡು ಗಟ್ಟಿಯಾಗಿಯೇ ಇರುತ್ತದೆ. ಆದ್ದರಿಂದ ಪದ ಬದಲಾಗುತ್ತದಾ ಅಂತ ಕೇಳಿ ನಿಲ್ಲಿಸಬಾರದು, ಬದಲಾದಾಗ ಏನು ಹೋಯಿತು ಅಂತ ಕೇಳಬೇಕು. ನನ್ನ ಅಮ್ಮನ ಪದ್ಯದಲ್ಲಿ ಏನೂ ಹೋಗಲಿಲ್ಲ, ಹೋಗಲು ಏನೂ ಇರಲಿಲ್ಲ.

ಸರಿ, ಆದರೆ ನೋಡುವವರು ಯಾರು? ಹುಡುಗನ ಪ್ರಶ್ನೆಯ ಗಟ್ಟಿ ಭಾಗ ಇದು. ತೀರ್ಪುಗಾರರ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಅನ್ನುವುದರ ಮೇಲೆ ಒಳ್ಳೆಯದು ಕೆಟ್ಟದ್ದು ತಿರುಗಿದ್ದು ಸುಳ್ಳಲ್ಲ. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ, ಒಂಬತ್ತನೇ ಶತಮಾನದ್ದು, ಶುರುವಾಗುವ ಅಧ್ಯಾಯವೇ ಕಾವ್ಯದ ದೋಷಗಳ ಬಗ್ಗೆ. ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಹದ ತಪ್ಪಿ ಸಮಾಸ ಮಾಡಿದರೆ ಕಾಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಅನ್ನುತ್ತದೆ. ಒಡೆದ ಹಾಲಿನ ವಾಸನೆಯೇ ಬರುತ್ತದೆ, ಅಲ್ವಾ? ಮೂರು ಶತಮಾನದ ಮೇಲೆ ಬಸವಣ್ಣ ಬಂದು, ತಾಳಮಾನ ಅರಿಯೆ, ಅಮೃತಗಣ ದೇವಗಣ ಅರಿಯೆ, ಆನು ಒಲಿದಂತೆ ಹಾಡುವೆ ಅಂದುಬಿಟ್ಟ. ಪಂಡಿತರ ಕೋಷ್ಟಕಕ್ಕೆ ಇದು ಸಿಗುವಂಥದ್ದಲ್ಲ. ಪ್ರಾಸದ ಕಥೆಯೂ ಹಾಗೇ. ಪ್ರತಿ ಸಾಲಿನ ಎರಡನೇ ಅಕ್ಷರ ಹೊಂದಲೇಬೇಕು ಅನ್ನುವುದು ಸಾವಿರ ವರ್ಷದ ನಿಯಮ. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಬಿಟ್ಟು ಬರೆದರು. ಇವತ್ತು ಆ ಪ್ರಾಸ ಇಲ್ಲ ಅಂತ ಯಾರೂ ಕವಿತೆಗೆ ಅಂಕ ಕಳೆಯುವುದಿಲ್ಲ.

ನಿಯಮ ಬಿದ್ದುಹೋಯಿತು, ನಿಜ. ಅದರ ಜೊತೆ ತೀರ್ಪೂ ಬಿದ್ದುಹೋಯಿತಾ? ಪಂಪನ ಪ್ರಾಸವನ್ನು ನಾವು ಈಗಲೂ ಸವಿಯುತ್ತೇವೆ, ಪ್ರಾಸಕ್ಕೆಂದೇ ಪದ ತುರುಕಿದ ಎಷ್ಟೋ ಪದ್ಯಗಳನ್ನು ಮರೆತಿದ್ದೇವೆ. ಪ್ರಾಸ ಕೆಲಸ ಮಾಡುತ್ತಿದೆಯಾ, ಸುಮ್ನೆ ಕೂತಿದೆಯಾ ಅನ್ನುವ ಪ್ರಶ್ನೆ ಪ್ರಾಸದ ಕಾಲಕ್ಕೂ ಇತ್ತು, ಈಗಲೂ ಇದೆ.

ಕುರ್ಚಿಯ ಜಗಳ ನಮ್ಮಲ್ಲಿ ಬೀದಿಗೇ ಬಂದದ್ದು 1973ರ ನವೆಂಬರ್‌ನಲ್ಲಿ. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ಬೂಸಾ ಅಂದರೆ ದನಕ್ಕೆ ಹಾಕುವ ಹೊಟ್ಟು. ಹೊಟ್ಟೆ ತುಂಬುತ್ತದೆ, ಕಾಳು ಇರುವುದಿಲ್ಲ. ಊರೂರಲ್ಲಿ ಗಲಾಟೆ, ಮೆರವಣಿಗೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಅವರ ಬೆಂಬಲಕ್ಕೆ ನಿಂತ ಕೆಲವರಲ್ಲಿ ಕುವೆಂಪು ಒಬ್ಬರು.

ಆ ಪ್ರಕರಣವನ್ನು ನೆನೆದಾಗಲೆಲ್ಲ ನನಗೆ ಒಂದು ವಿಷಯ ಹೊಳೆಯುತ್ತದೆ. ಸಾಹಿತ್ಯ ಬರೀ ಅವರವರ ರುಚಿ ಆಗಿದ್ದರೆ ಅವತ್ತು ಯಾರೂ ಕಲ್ಲು ಎತ್ತುತ್ತಿರಲಿಲ್ಲ. "ಅವರಿಗೆ ಸೇರಲ್ಲ, ಬಿಡಿ" ಅಂತ ಸುಮ್ಮನಾಗುತ್ತಿದ್ದರು. ಕೋಪ ಬಂದದ್ದು, ಅವರು ಹೇಳಿದ್ದು ನಿಜವೋ ಸುಳ್ಳೋ ಆಗಬಲ್ಲ ಮಾತು ಅಂತ ಎಲ್ಲರಿಗೂ ಒಳಗೊಳಗೇ ಗೊತ್ತಿದ್ದರಿಂದ. ಇದೋ ಇಲ್ಲಿದೆ ಕಾಳು ಅಂತ ಪುಸ್ತಕ ತೆಗೆದು ತೋರಿಸಬಹುದಿತ್ತು. ತೋರಿಸಿದ್ದು ಕಲ್ಲು.

ಅದಾಗಿ ಎರಡೇ ವರ್ಷಕ್ಕೆ, 1975ರಲ್ಲಿ, ಸಿದ್ಧಲಿಂಗಯ್ಯನವರ ಹೊಲೆಮಾದಿಗರ ಹಾಡು ಬಂತು. "ಇಕ್ರಲಾ ವದೀರ್ಲಾ" ಅನ್ನುವ ಸಾಲು ನೋಡಿ ಇದು ಕವಿತೆಯಾ, ಘೋಷಣೆಯಾ ಅಂತ ಚರ್ಚೆ ಎದ್ದಿತು. ನನ್ನ ಕಾಲೇಜಿನ ಅಂಕಪಟ್ಟಿಯ "ಭಾಷೆ" ಕಾಲಂನಲ್ಲಿ ಅದಕ್ಕೆ ಎಷ್ಟು ಬೀಳುತ್ತಿತ್ತೋ ಏನೋ. ಆದರೆ ಆ ಸಾಲನ್ನು "ಹೊಡೆಯಿರಿ, ಒದೆಯಿರಿ" ಅಂತ ಶಿಷ್ಟ ಕನ್ನಡಕ್ಕೆ ತಿರುಗಿಸಿ ನೋಡಿ. ಪೊಲೀಸ್ ದೂರಿನಲ್ಲಿ ಬರೆದ ಹಾಗಾಗುತ್ತದೆ. ಕೇರಿಯ ಬಾಯಲ್ಲಿ, ಕೇರಿಯವರನ್ನೇ ಕರೆದು ಹೇಳುವ ಆ "ಲಾ" ಹೋದರೆ ಕವಿತೆಯೇ ಹೋಯಿತು. ವಾಮನನ ಪರೀಕ್ಷೆಯಲ್ಲೂ ಪಾಸು, ಅವಂತಿಸುಂದರಿಯ ಪರೀಕ್ಷೆಯಲ್ಲೂ ಪಾಸು. ಒಳ್ಳೆಯ ಭಾಷೆ ಅಂದರೆ ನಮ್ಮ ಮನೆಯ ಭಾಷೆ ಅಂದುಕೊಂಡಿದ್ದವರು ಫೇಲಾದರು, ಅಷ್ಟೆ.

ಬೆಲೆಯನ್ನು ನೋಡಿ ತೀರ್ಪು ಕೊಡುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗೋಡೆಗೆ ಟೇಪಿನಿಂದ ಅಂಟಿಸಿದ ಬಾಳೆಹಣ್ಣು, ಇಟಲಿಯ ಮೌರಿಜಿಯೊ ಕ್ಯಾಟೆಲಾನ್ ಅವರ ಕೃತಿ, 2024ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ 62 ಲಕ್ಷ ಡಾಲರಿಗೆ ಹೋಯಿತು. ಹಣ್ಣಿನ ಬೆಲೆ 35 ಸೆಂಟ್. ಕೊಂಡವನು ಅದನ್ನು ತಿಂದೂ ಬಿಟ್ಟ. ಕಲೆಯ ಮಾರುಕಟ್ಟೆಯ ಮೇಲೆ ಅದೊಂದು ಒಳ್ಳೆಯ ಜೋಕು, ಒಪ್ಪುತ್ತೇನೆ. ಎರಡನೇ ಸಲ ನೋಡಿದರೆ ನನಗೆ ಮತ್ತೆ ಅಡಿಕೆ ನೆನಪಾಗುತ್ತದೆ.

ಬೆಲೆಗಿಂತ ಬಹುಮಾನ ಸ್ವಲ್ಪ ಮರ್ಯಾದಸ್ಥ, ಆದರೂ ಅದರ ತಮ್ಮನೇ. ಬಾನು ಮುಷ್ತಾಕ್ ಅವರ ಕಥೆಗಳು ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡದಲ್ಲೇ ಇದ್ದವು. ದೀಪಾ ಭಸ್ತಿ ಅವರ ಇಂಗ್ಲಿಷ್ ಅನುವಾದಕ್ಕೆ 2025ರ ಮೇನಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದ ಮೇಲೆ ಎಷ್ಟೋ ಜನ ಅಂಗಡಿಗೆ ಓಡಿದರು. ನಾನೂ ಕೆಲವು ಕಥೆಗಳನ್ನು ಆಗಲೇ ಮೊದಲ ಸಲ ಓದಿದ್ದು, ಸುಳ್ಳು ಯಾಕೆ. ಕಥೆಯ ಒಂದು ಪದವೂ ಬದಲಾಗಿರಲಿಲ್ಲ. ಹಳೆಯದೆಲ್ಲ ಒಳ್ಳೆಯದಲ್ಲ, ಹೊಸತೆಂದು ಕೆಟ್ಟದ್ದೂ ಅಲ್ಲ, ತಿಳಿದವರು ಪರೀಕ್ಷಿಸಿ ಆರಿಸುತ್ತಾರೆ, ಮೂಢ ಇನ್ನೊಬ್ಬರ ನಂಬಿಕೆಯ ಹಿಂದೆ ಹೋಗುತ್ತಾನೆ, ಅಂತ ಕಾಳಿದಾಸ ನಾಟಕದ ಶುರುವಿನಲ್ಲೇ ಸೂತ್ರಧಾರನಿಂದ ಹೇಳಿಸಿದ್ದಾನೆ. ಆ ಕೊನೆಯ ಮಾತು ಓದುವಾಗ ಸ್ವಲ್ಪ ಚುರುಕ್ ಅನ್ನುತ್ತದೆ.

ಪರೀಕ್ಷಿಸುವವರಲ್ಲೂ ರಾಜಶೇಖರ ನಾಲ್ಕು ಜಾತಿ ಮಾಡುತ್ತಾನೆ. ಏನು ಕೊಟ್ಟರೂ ರುಚಿಸದವನು ಒಬ್ಬ. ಹುಲ್ಲು ಸಮೇತ ನುಂಗುವವನು ಇನ್ನೊಬ್ಬ. ಕವನ ಹಾಕಿದ ಅರೆ ನಿಮಿಷಕ್ಕೆ "ಸೂಪರ್ ಸರ್, ಅದ್ಭುತ" ಅನ್ನುವವರನ್ನು ಅವನು ಅಷ್ಟು ಹಿಂದೆಯೇ ನೋಡಿದ್ದ. ಮೂರನೆಯವನು ಹೊಟ್ಟೆಕಿಚ್ಚಿನವನು. ನಾಲ್ಕನೆಯವನು ನಿಜವನ್ನು ಹುಡುಕುವವನು, ಸಾವಿರಕ್ಕೊಬ್ಬ. ನಾನು ಯಾವ ಜಾತಿ ಅಂತ ಆ ಬಸ್ಸಿನಲ್ಲಿ ಗೊತ್ತಾಗಿತ್ತು. ಬಳೆಗಾರರ ಮನೆಯಿಂದ ಬಂದ ರನ್ನ ತನ್ನ ಕೃತಿರತ್ನವನ್ನು ಪರೀಕ್ಷಿಸುವವನಿಗೆ ಎಂಟು ಎದೆ ಇದೆಯೇ ಅಂತ ಸವಾಲು ಹಾಕಿದ್ದ. ಎಂಟು ಬೇಡ, ಒಂದು ಎದೆ ಮತ್ತು ಎರಡನೇ ಸಲ ಓದುವಷ್ಟು ಪುರುಸೊತ್ತು ಇದ್ದಿದ್ದರೆ 22ರ ಕವಿತೆ ಅಲ್ಲಿ ಬೀಳುತ್ತಿರಲಿಲ್ಲ. "ಮಿಷನ್ನಿಗೆ ಅವಳು ಗೊತ್ತಿಲ್ಲ." "ಗುರುತು ಸಿಗಲಿಲ್ಲ" ಅಂತ ಬರೆಯಬಹುದಿತ್ತು, ರೇಷನ್ ಅಂಗಡಿಯವರು ಹೇಳುವುದೂ ಹಾಗೆಯೇ. "ಗೊತ್ತಿಲ್ಲ" ಅಂದದ್ದರಿಂದ ಮಿಷನ್ನು ಅಜ್ಜಿಯ ಮುಖ ನೋಡಿಯೂ ನೋಡದ ಹಾಗೆ ಕೂತ ನೆಂಟನಂತೆ ಕಾಣುತ್ತದೆ.

ಈ ವರ್ಷವೂ ಅದೇ ಕಾಲೇಜಿನಿಂದ ಫೋನ್ ಬಂತು. ಅಂಕಪಟ್ಟಿಗೆ ಹೊಸ ಕಾಲಂ ಸೇರಿಸಿದ್ದಾರಂತೆ: ಎಐ ಬಳಸಿಲ್ಲ ಎಂಬ ಮುಚ್ಚಳಿಕೆ. ಆಗಲಿ ಅಂದೆ. ಕವಿತೆಗಳನ್ನು ಒಂದು ವಾರ ಮೊದಲೇ ಕಳಿಸಿಕೊಡಿ, ಎರಡು ಸಲ ಓದಬೇಕು ಅಂದೆ.

"ಅಷ್ಟೆಲ್ಲ ಆಗಲ್ಲ ಸರ್. ಹುಡುಗರು ಅವತ್ತು ಬೆಳಗ್ಗೆ ತನಕ ಕೊಡ್ತಾ ಇರ್ತಾರೆ. ಮಧ್ಯಾಹ್ನ ಎರಡಕ್ಕೆ ಬಹುಮಾನ ವಿತರಣೆ, ಚೀಫ್ ಗೆಸ್ಟ್ ಬಂದುಬಿಟ್ಟಿರ್ತಾರೆ."